ಮೈಲಪ್ಪನ ಕೈ ಕಾವು

ಆ ಸಂಜೆ ಮೈಲಪ್ಪ ಮೊಬೈಲಿನಿಂದ ತಲೆ ಎತ್ತಿ ಮಗಳ ಕೈಗಳನ್ನು ಒಂದು ಸಲ ನೋಡಿದ್ದರೆ ಮುಂದಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ. ಹನ್ನೊಂದು ವರ್ಷದ ಶೀಲಾ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಬಂದು, "ಅಪ್ಪಾ, ಹೀನಾನ ಮನ್ಯಾಗ ಎತ್ತು ಮಾಡೋದು ಕಲ್ಯಾಕತ್ತೇನಿ" ಅಂದಳು. ಮೈಲಪ್ಪ ಕ್ರಿಕೆಟ್ ನೋಡುತ್ತಿದ್ದ. ಕಣ್ಣು ಕೀಳಲಿಲ್ಲ, ಬಾಯಿ ಮಾತ್ರ ತೆರೆದ.

"ಅದರಾಗೇನೈತಿ. ಮೇಡ್ಲೇರ್ಯಾಗ ನಾ ನಿನ್ನಷ್ಟಿದ್ದಾಗ ಮಾಡಿದ ಮಣ್ಣೆತ್ತು ನೋಡಿ ಖರೇ ಆಕಳ ಅಂಬಾ ಅಂತಿತ್ತು."

ಖರೇ ಹೇಳಬೇಕೆಂದರೆ ಹುಟ್ಟೂರು ಮೇಡ್ಲೇರಿಯಲ್ಲಿ ಎತ್ತು ಮಾಡುತ್ತಿದ್ದವಳು ಅವನ ಅಕ್ಕ. ಮೈಲಪ್ಪನ ಪಾಲಿಗೆ ಇದ್ದದ್ದು ಹೊಳೆದಂಡೆಯಿಂದ ಮಣ್ಣು ಹೊತ್ತು ತರುವ ಕೆಲಸ. ಅದರಲ್ಲೂ ಅರ್ಧ ಹಾದಿಗೇ ಚೆಲ್ಲುತ್ತಿದ್ದ. ಆದರೆ ಅವನು ಈಗ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಮಾರಾಟಕ್ಕೆ ನಿಂತವನು. ಪಾಕೀಟಿನ ಮೇಲಿನ ಚಿತ್ರಕ್ಕಿಂತ ದೊಡ್ಡ ಟೊಮೆಟೊವನ್ನು ಬಾಯಲ್ಲೇ ಬೆಳೆದು ಗಿರಾಕಿಯ ಕೈಗಿಡುವುದು ಅವನ ದಿನದ ದುಡಿಮೆ. ಮನೆಗೆ ಬಂದ ಮೇಲೂ ಆ ನಾಲಿಗೆ ಡ್ಯೂಟಿ ಬಿಡುತ್ತಿರಲಿಲ್ಲ.

ಶೀಲಾ ನಂಬಿದಳು. ನಂಬಿದ್ದನ್ನು ಪಕ್ಕದ ಮನೆಯ ಗೆಳತಿ ಹೀನಾಗೆ ಹೇಳಿದಳು, ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದಳು. ಎರಡು ದಿನದಲ್ಲಿ ಸುದ್ದಿ ಪ್ರೇಮವ್ವನ ಕಿವಿ ಮುಟ್ಟಿತು.

ಪ್ರೇಮವ್ವ ಅಂಗನವಾಡಿಯಿಂದ ನಿವೃತ್ತಳಾದ ಮೇಲೆ ಓಣಿಯ ಮಕ್ಕಳ ಮೇಲಿನ ಅಧಿಕಾರದಿಂದ ನಿವೃತ್ತಳಾಗಿರಲಿಲ್ಲ. ಹತ್ತು ಹನ್ನೆರಡರ ವಯಸ್ಸಿನ ಹುಡುಗ ಹುಡುಗಿಯರು ಮೊಬೈಲು ತಿಕ್ಕುವುದು ಬಿಟ್ಟು ನಾಲ್ಕು ಕೆಲಸ ಕಲಿಯಲಿ ಎಂದು ಪ್ರತಿ ಭಾನುವಾರ ತನ್ನ ಮನೆಯ ಕಟ್ಟೆಯ ಮೇಲೆ ಕೈಗೆಲಸದ ಕ್ಲಾಸು ನಡೆಸುತ್ತಿದ್ದಳು. ಒಂದು ವಾರ ಹಳೇ ಸೀರೆಯ ಅಂಚಿನಲ್ಲಿ ಸಿಂಬೆ ಸುತ್ತುವುದು, ಇನ್ನೊಂದು ವಾರ ಒಡೆದ ಬಳೆಯಲ್ಲಿ ತೋರಣ. ನೋಡಬೇಕು ಆ ಮಕ್ಕಳ ಕೆಲಸವನ್ನು. ಮೊದಲ ಸಲ ಸೂಜಿ ಹಿಡಿದ ಹುಡುಗ ಎರಡನೇ ಸಲಕ್ಕೆ ತನ್ನ ಅವ್ವನಿಗೆ ಬುದ್ಧಿ ಹೇಳುತ್ತಿದ್ದ.

ಮಣ್ಣೆತ್ತಿನ ಅಮಾವಾಸ್ಯೆ ಸೋಮವಾರ ಬಂದಿತ್ತು. ಅಂದು ಮನೆಮನೆಯಲ್ಲೂ ಮಣ್ಣಿನ ಜೋಡೆತ್ತಿಗೆ ಪೂಜೆ. ಹಿಂದಿನ ಶನಿವಾರ ಸಂಜೆ ಪ್ರೇಮವ್ವ ಬಾಗಿಲಿಗೇ ಬಂದು ನಿಂತಳು.

"ಮೈಲಪ್ಪಾ, ನಾಳೆ ಐತಾರ ನಮ್ಮ ಕ್ಲಾಸಿಗೆ ಮಾಸ್ತರ ನೀನ. ಹುಡುಗರಿಗೆ ಎತ್ತು ಮಾಡೋದು ಕಲಿಸಬೇಕು. ಹನ್ನೊಂದಕ್ಕ ಬಾ."

"ಅಕ್ಕಾರ, ನಾಳೆ ನನಗ ಕೆಲಸ ಐತ್ರಿ."

"ಐತಾರ ನಿಮ್ಮ ಅಂಗಡಿ ಬಂದ್ ಇರ್ತೈತಿ. ಕಾವೇರಿನ್ನ ಕೇಳೇ ಬಂದೇನಿ."

ಮೈಲಪ್ಪ ಹೆಂಡತಿಯ ಕಡೆ ನೋಡಿದ. ಕಾವೇರಿ ಅಕ್ಕಿ ಆರಿಸುತ್ತ, "ಹೋಗ್ರಿ. ಆಕಳ ಅಂಬಾ ಅನ್ನೋದು ನಾನೂ ಕೇಳಬೇಕು" ಅಂದಳು. ಹದಿಮೂರು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಕೈಯೂ ಗೊತ್ತು, ಬಾಯಿಯೂ ಗೊತ್ತು.

ಆಗಲೂ ಅವನು ಸುಳ್ಳನ್ನು ಒಪ್ಪಿಕೊಂಡು ಬಿಡಬಹುದಿತ್ತು. ಆದರೆ ಬಾಗಿಲ ಸಂದಿಯಲ್ಲಿ ಶೀಲಾ ನಿಂತಿದ್ದಳು. ಅವಳ ಮುಖ ಅರಳಿತ್ತು. ಓಣಿ ನಕ್ಕರೆ ನಗಲಿ, ಅವನಿಗೆ ಅದರ ಅಂಜಿಕೆ ಅಷ್ಟಿರಲಿಲ್ಲ. ಈ ಮುಖ ಮಾತ್ರ ಸಣ್ಣದಾಗುವುದನ್ನು ಅವನು ನೋಡಲಾರ. "ಆತ್ರಿ, ಬರ್ತೇನಿ" ಅಂದ.

ಭಾನುವಾರ ಬೆಳಕು ಹರಿಯುವ ಮೊದಲೇ ಮೈಲಪ್ಪ ಮಾಳಿಗೆ ಏರಿ, ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಕೂತ. ವಿಡಿಯೋದಲ್ಲಿ ಎಲ್ಲ ಸುಲಭವಾಗಿತ್ತು. ಬದನೆಕಾಯಿಯಷ್ಟು ಮಣ್ಣು ಉಂಡೆ ಮಾಡಿ, ನಾಲ್ಕು ಕಾಲು ಹಚ್ಚಿ, ಕುತ್ತಿಗೆ ಎಳೆದರೆ ಎತ್ತು. ಮೈಲಪ್ಪನೂ ಹಾಗೇ ಮಾಡಿದ. ಅವನ ಎತ್ತಿನ ಮೈ ಹಾವೇರಿಯ ಕಡೆಗೂ ಮೋರೆ ಹರಿಹರದ ಕಡೆಗೂ ತಿರುಗಿತು. ಕೋಡು ನಿಲ್ಲಿಸಿದರೆ ಕಾಲು ಜಾರುತ್ತಿತ್ತು, ಕಾಲು ಒತ್ತಿದರೆ ಕೋಡು ಉದುರುತ್ತಿತ್ತು. ಕೊನೆಗೆ ಅದು ಹೊಟ್ಟೆಯೂರಿ ಕೂತುಬಿಟ್ಟಿತು. ಮಲಗಿದ ಎತ್ತು ಅನ್ನೋಣವೆಂದರೆ ಎತ್ತು ಅನ್ನುವುದೇ ಮೊದಲು ಸಾಬೀತಾಗಬೇಕಿತ್ತು.

ಮೈಲಪ್ಪ ಅದನ್ನು ಕಲಸಿ ಬಕೀಟಿಗೆ ಹಾಕಿ, ಬೈಕಿನ ಕೀಲಿ ತೆಗೆದುಕೊಂಡ. ರಾಣೆಬೆನ್ನೂರು ಪೇಟೆಯಲ್ಲಿ ಎತ್ತು ಕೊಳ್ಳುವ ಹಾಗಿಲ್ಲ. ಅಲ್ಲಿ ಬೀಜ ಒಯ್ಯುವ ಮಂದಿಯೆಲ್ಲ ಅವನ ಗುರುತಿನವರು. ಬ್ಯಾಡಗಿಗೆ ಹೋದರೆ ಕೇಳುವವರಿಲ್ಲ.

ಬ್ಯಾಡಗಿಯಲ್ಲಿ ಸೀನುತ್ತಲೇ ಇಳಿದ. ಮೆಣಸಿನಕಾಯಿ ಸುಗ್ಗಿ ಮುಗಿದು ತಿಂಗಳಾದರೂ ಆ ಊರಿನ ಗಾಳಿ ಹೊಸಬರನ್ನು ಮಾತಾಡಿಸದೆ ಬಿಡುವುದಿಲ್ಲ. ಪೇಟೆಯ ತಿರುವಿನಲ್ಲಿ ರಮಜಾನಬಿ ಎಂಬ ಹೆಂಗಸು ಬಳೆ ಅಂಗಡಿಯ ಮುಂದೆ ಹಲಗೆ ಹಾಕಿ ಮಣ್ಣೆತ್ತು ಜೋಡಿಸಿದ್ದಳು. ಅವುಗಳಲ್ಲಿ ಒಂದು ಜೋಡಿ ಕಂಡು ಮೈಲಪ್ಪ ಸೀನುವುದನ್ನೂ ಮರೆತ.

ಗೇಣುದ್ದದ ಎತ್ತುಗಳು. ಬೆನ್ನ ಮೇಲೆ ಏರಿದ ಹಿಣಿಲು, ಒಳಗೆ ಜೋಳದ ದಂಟು ಇಟ್ಟು ನಿಲ್ಲಿಸಿದ ಕೋಡು, ಗುಲಗಂಜಿಯ ಕಣ್ಣು. ಒಂದು ಎತ್ತು ನೆಟ್ಟಗೆ ನೋಡುತ್ತಿತ್ತು, ಇನ್ನೊಂದು ಜೋಡಿಯ ಕಡೆ ಕತ್ತು ಹೊರಳಿಸಿತ್ತು. ನೊಗಕ್ಕೆ ಹೆಗಲು ಕೊಟ್ಟು ಎಷ್ಟೋ ವರ್ಷ ಕೂಡಿ ದುಡಿದ ಎತ್ತುಗಳು ಹಾಗೆ ನೋಡುತ್ತವೆ. ಇಷ್ಟನ್ನು ಕಂಡ ಕಣ್ಣು ಯಾರದೇ ಇರಲಿ, ದೊಡ್ಡದು ಎಂದು ಅವನಿಗೂ ಅನ್ನಿಸಿತು.

"ಹುಡುಗ್ಯಾರು ಮಾಡ್ಯಾರ್ರಿ ಇವನ್ನ. ಇದ ಮೊದಲನೇ ವರ್ಷ ಅವರದು," ಅಂದಳು ರಮಜಾನಬಿ.

"ಯಾರರ ಮಾಡ್ಲಿ, ಲಗೂ ಕಟ್ಟಿಕೊಡವಾ," ಅಂದ ಮೈಲಪ್ಪ. ಅವನಿಗೆ ಮಾಡಿದವರಿಗಿಂತ ಹೊತ್ತು ಮುಖ್ಯವಾಗಿತ್ತು.

ಹೊತ್ತಿನ ಜೊತೆ ಶನಿಯೂ ಓಡುತ್ತದೆ. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಎದುರುಮನೆಯ ಶಂಭುಲಿಂಗ ಕೈ ಅಡ್ಡ ಹಾಕಿದ. ಬಸ್ಸು ತಪ್ಪಿತ್ತಂತೆ. ಹಿಂದೆ ಹತ್ತಿ ಕೂತವನು ಚೀಲ ಇಸಿದುಕೊಂಡು ತೊಡೆಯ ಮೇಲೆ ಇಡಲು ಹೋದ.

"ಜ್ವಾಕೀಲೆ ಹಿಡಿಯೋ, ಮೊಟ್ಟಿ ಅದಾವ," ಅಂದುಬಿಟ್ಟ ಮೈಲಪ್ಪ.

ಶಂಭುಲಿಂಗ ಮೂರು ಹೊತ್ತು ಲಿಂಗಪೂಜೆ ಮಾಡುವವನು. ಚೀಲ ಮೈಗೆ ತಾಗಬಾರದೆಂದು ತೋಳು ನೀಳವಾಗಿ ಚಾಚಿ, ಮುಖ ಆ ಕಡೆ ತಿರುಗಿಸಿ, ರಾಣೆಬೆನ್ನೂರಿನವರೆಗೂ ಹಾಗೇ ಹಿಡಿದ. ರಸ್ತೆಯ ಉಬ್ಬುಗಳಲ್ಲಿ ಬೈಕು ಹಾರಿತು, ಶಂಭುಲಿಂಗ ಹಾರಿದ, ಚೀಲ ಮಾತ್ರ ಅಲುಗಲಿಲ್ಲ. ಎತ್ತುಗಳು ಅಷ್ಟು ಸುಖವಾಗಿ ಯಾವ ಬಂಡಿಯಲ್ಲೂ ಬರುತ್ತಿರಲಿಲ್ಲ.

ಓಣಿಯಲ್ಲಿ ಇಳಿದವನೇ ಶಂಭುಲಿಂಗ ಸೆಟೆದ ತೋಳು ತಿಕ್ಕಿಕೊಳ್ಳುತ್ತ, ಮೈಲಪ್ಪ ಬ್ಯಾಡಗಿ ಕಡೆಯಿಂದ ಮೊಟ್ಟೆ ತಂದ ಸುದ್ದಿ ಹಂಚಿದ. ಮೈಲಪ್ಪ ಚೀಲ ಬಚ್ಚಿಡುವಷ್ಟರಲ್ಲಿ ಪ್ರೇಮವ್ವ ಅಡ್ಡ ಬಂದಳು.

"ಏನೋ, ಅಮಾಸಿ ಮುಂದ ಚೀಲ ತುಂಬ ಮೊಟ್ಟಿ ತಂದೀಯಂತ?"

"ಮೊಟ್ಟಿ ಅಲ್ರಿ ಅಕ್ಕಾರ, ಬಲ್ಬ್. ಶಂಭು ಜ್ವಾಕೀಲೆ ಹಿಡೀಲಿ ಅಂತ ಹಂಗ ಅಂದೆ."

"ಬಲ್ಬ್ ತರಾಕ ಬ್ಯಾಡಗಿ ತನಕ ಹೋಗಿದ್ಯಾ?"

"ಅಲ್ಲಿ ಬೆಳಕ ಚಲೋ ಬರ್ತೈತ್ರಿ," ಅಂದು ಮೈಲಪ್ಪ ಜಾರಿಕೊಂಡ.

ಹನ್ನೊಂದಕ್ಕೆ ಕಟ್ಟೆಯ ಮೇಲೆ ಗೋಣಿತಾಟು ಹಾಸಿ ಇಪ್ಪತ್ತು ಮಕ್ಕಳು ಕೂತಿದ್ದರು. ಹಿಂದೆ ಅವರ ಅವ್ವಂದಿರು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಶಂಭುಲಿಂಗ. ಮೈಲಪ್ಪ ವಿಡಿಯೋದಲ್ಲಿ ಕೇಳಿದ್ದನ್ನೆಲ್ಲ ಬೀಜದ ಅಂಗಡಿಯ ಧಾಟಿಯಲ್ಲಿ ಒದರಿದ. ಮಣ್ಣಿಗೆ ಒಂದು ಹಿಡಿ ಹತ್ತಿ ಕೂಡಿಸಿ ನಾದಬೇಕು, ಆಗ ಸೀಳು ಬಿಡುವುದಿಲ್ಲ. ಕಾಲೊಳಗೆ ಕಸಬರಿಗೆ ಕಡ್ಡಿ ಇರಬೇಕು, ಆಗ ಭಾರ ತಡೆಯುತ್ತದೆ. ಕೈಗೆ ನೀರು ಎಷ್ಟು ಬೇಕೋ ಅಷ್ಟೇ.

ಮಾತು ಎಲ್ಲಿಂದ ಬಂದರೇನು, ಮಕ್ಕಳ ಕೈ ಅದನ್ನು ಹಿಡಿದುಕೊಂಡಿತು. ಮಣ್ಣು ಮುಟ್ಟಲು ಮುಖ ಕಿವುಚಿದ್ದ ಹುಡುಗಿ ಸ್ವಲ್ಪ ಹೊತ್ತಿಗೆ ಎತ್ತಿನ ಗೊರಸಿಗೆ ಉಗುರಿನಿಂದ ಗೆರೆ ಕೊರೆಯುತ್ತಿದ್ದಳು. ಒಬ್ಬನ ಎತ್ತು ಹೋರಿಗರುವಿನಂತೆ ಬಾಲ ಎತ್ತಿತ್ತು. ಯಾರ ಎತ್ತು ಬಿದ್ದರೂ ಶೀಲಾ ಮತ್ತು ಹೀನಾ ಎದ್ದು ಹೋಗಿ ಕಾಲು ಸರಿಮಾಡಿ ಬರುತ್ತಿದ್ದರು. ತನ್ನ ಪಾಠ ಮಗಳಿಗೆ ಎಷ್ಟು ಬೇಗ ಹತ್ತಿತು ಎಂದು ಮೈಲಪ್ಪ ಹಿಗ್ಗಿದ.

"ಮಾಸ್ತರ ಎತ್ತು ಎಲ್ಲೈತಿ?" ಅಂತ ಕೇಳಿದ ಶಂಭುಲಿಂಗ.

ಮೈಲಪ್ಪ ಎಲ್ಲರಿಗೂ ಬೆನ್ನು ಹಾಕಿ ಕೂತು ಮಣ್ಣಿನ ಎರಡು ಮುದ್ದೆ ತಟ್ಟುತ್ತಿದ್ದ. "ಇವಕ್ಕ ಗಾಳಿ ತಾಗಬೇಕು" ಎಂದು ಒಂದು ಬಟ್ಟೆ ಮುಚ್ಚಿ ನೀರಿನ ಟ್ಯಾಂಕಿನ ಹಿಂದೆ ಒಯ್ದ. ಮುದ್ದೆ ಅಲ್ಲಿ ಬಚ್ಚಿಟ್ಟಿದ್ದ ಚೀಲಕ್ಕೆ ಹೋದವು, ಬ್ಯಾಡಗಿಯ ಎತ್ತುಗಳು ಬಟ್ಟೆಯ ಕೆಳಗೆ ಬಂದವು. ಕಟ್ಟೆಯ ನಡುವೆ ತಂದಿಟ್ಟು ಬಟ್ಟೆ ತೆಗೆದ.

ಓಣಿಯೆಲ್ಲ ಎದ್ದು ನಿಂತಿತು. ಪ್ರೇಮವ್ವ ಎರಡೂ ಕೈ ಜೋಡಿಸಿದಳು. ಶಂಭುಲಿಂಗ ಮಾತ್ರ ಬಗ್ಗಿ ಬೆರಳಿನಿಂದ ತಟ್ಟಿ ನೋಡಿದ.

"ಮೈಲಪ್ಪಾ, ಇಷ್ಟ ಲಗೂ ಹ್ಯಾಂಗ ಒಣಗಿದುವೋ?"

ಮೈಲಪ್ಪನ ನಾಲಿಗೆ ತಲೆಗಾಗಿ ಕಾಯುವ ಜಾತಿಯದಲ್ಲ. "ಅದು ಕೈ ಕಾವು," ಅಂದ. "ಕೆಲವರ ಕೈಯಾಗ ಇರ್ತೈತಿ. ಮಾಡತ ಮಾಡತ ಮಣ್ಣು ಒಣಗತೈತಿ."

ಹೆಂಗಸರು ಅವನ ಕೈ ನೋಡಿದರು. ಶೀಲಾ ಎತ್ತು ನೋಡಿದಳು. ಹತ್ತಿರ ಬಂದು ಒಂದರ ಹಿಣಿಲಿನ ಮೇಲೆ ಬೆರಳಿಟ್ಟಳು, ಅಪ್ಪನ ಮುಖ ನೋಡಿದಳು, ಮತ್ತೆ ಎತ್ತು ನೋಡಿದಳು. ಹೀನಾ ಏನೋ ಹೇಳಲು ಬಾಯಿ ತೆರೆದಿದ್ದಳು. ಶೀಲಾ ಅವಳ ಕೈ ಹಿಡಿದೆಳೆದಳು.

"ಭಾಳ ಚಲೋ ಆಗ್ಯಾವಪ್ಪಾ," ಅಂದು ಗೆಳತಿಯನ್ನು ಕರೆದುಕೊಂಡು ಹೊರಟೇಹೋದಳು. ಹೆಮ್ಮೆಗೆ ಮಾತು ಬರಲಿಲ್ಲ ಪಾಪ, ಎಂದುಕೊಂಡ ಮೈಲಪ್ಪ.

ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಪ್ರೇಮವ್ವ ಸೆರಗು ಸಿಕ್ಕಿಸಿ, "ನಾಳೆ ಪೂಜಾಕ್ಕ ನಮ್ಮನಿಗೆ ಇಂಥಾದ್ದ ಒಂದ ಜೋಡಿ ಬೇಕು. ಪ್ಯಾಟ್ಯಾಗಿನವು ಬ್ಯಾಡ" ಅಂದಳು. ಒಬ್ಬರು ಅಂದ ಮೇಲೆ ಓಣಿಯೆಲ್ಲ ಅಂದಿತು. ಲೆಕ್ಕ ಹದಿನಾಲ್ಕು ಜೋಡಿಗೆ ಬಂತು.

"ಅಕ್ಕಾರ, ಒಂದ ದಿನದಾಗ ಅವು ಒಣಗಬೇಕಲ್ರಿ," ಅಂದ ಮೈಲಪ್ಪ.

"ಒಣಗೋ ಚಿಂತಿ ನಮಗಿರ್ತೈತಿ. ನಿನಗ ಕೈ ಕಾವು ಐತೆಲ್ಲ," ಅಂದಳು ಪ್ರೇಮವ್ವ.

ಶಂಭುಲಿಂಗನೂ ಕುರ್ಚಿಯಿಂದ ಏಳುತ್ತ, "ನಂದೂ ಒಂದ ಜೋಡಿ ಇರ್ಲಿ. ಕೈ ತೊಳಕೊಂಡು ಮಾಡು" ಅಂದ. ಲೆಕ್ಕ ಹದಿನೈದಾಯಿತು.

ಮೈಲಪ್ಪನಿಗೆ ಊಟವೂ ಸೇರಲಿಲ್ಲ. ಎರಡು ದೊಡ್ಡ ಚೀಲ ಮಡಚಿ ಬೈಕಿಗೆ ಸಿಕ್ಕಿಸುವಾಗ ಕಾವೇರಿ ಬಾಗಿಲಲ್ಲಿ ಕಂಡಳು. "ಎಲ್ಲಿಗೆ ಹೊಂಟ್ರಿ?"

"ಮಣ್ಣು ತರಾಕ."

"ಬ್ಯಾಡಗಿ ಮಣ್ಣ ಏನ್ರಿ?" ಅಂದಳು ಕಾವೇರಿ. ಮೈಲಪ್ಪ ಬೈಕಿಗೆ ಕಿಕ್ ಹೊಡೆದ.

ರಮಜಾನಬಿಯ ಹಲಗೆ ಖಾಲಿಯಾಗಿತ್ತು. ಪೇಟೆಗೆ ಬಂದಿದ್ದ ಕುಂಬಾರರ ಬಳಿಯೂ ಎತ್ತು ಉಳಿದಿರಲಿಲ್ಲ. ಮೈಲಪ್ಪ ಹಲಗೆಯ ಮುಂದೆ ಕುಕ್ಕರಿಸಿ, "ತಂಗೀ, ಹದಿನೈದು ಜೋಡಿ ಬೇಕಾಗ್ಯಾವ. ಮುಂಜಾನೆ ಕೊಟ್ಟಿದ್ದೆಲ್ಲ, ಅಂಥವ. ಇಲ್ಲಂದ್ರ ನನ್ನ ಮರ್ಯಾದಿ ಉಳಿಯಂಗಿಲ್ಲ" ಅಂದ.

"ತಡೀರಿ, ಮಾಡೋರನ್ನ ಕೇಳ್ತೇನಿ. ನಮ್ಮ ಅಕ್ಕನ ಮಗಳು, ಆಕಿ ಗೆಳತಿ, ಇಬ್ರು ಕೂಡಿ ಮಾಡ್ತಾರ." ರಮಜಾನಬಿ ಒಬ್ಬಳಿಗೆ ಬಳೆ ತೊಡಿಸುತ್ತಿದ್ದಳು. ಕೈ ಬಿಡುವಿಲ್ಲದ್ದಕ್ಕೆ ಫೋನನ್ನು ಹಲಗೆಯ ಮೇಲಿಟ್ಟು ಸ್ಪೀಕರ್ ಹಾಕಿದಳು. "ಏ ಹೀನಾ, ಇಲ್ಲೊಬ್ರು ಗಿರಾಕಿ ಬಂದಾರ. ಇವತ್ತ ಹದಿನೈದು ಜೋಡಿ ಬೇಕಂತ."

ಹೀನಾ ಎಂಬ ಹೆಸರಿಗೆ ಮೈಲಪ್ಪನ ಕಿವಿ ನಿಮಿರಿತು. ಊರಲ್ಲಿ ಎಷ್ಟು ಹೀನಾ ಇರಲಿಕ್ಕಿಲ್ಲ, ಎಂದು ಸಮಾಧಾನ ಮಾಡಿಕೊಂಡ.

"ಇವತ್ತ ಆಗಂಗಿಲ್ಲ ಖಾಲಾ," ಅಂದಿತು ಫೋನು. "ನಮಗ ಇಲ್ಲೇ ಹದಿನೈದು ಜೋಡಿ ಕೆಲಸ ಬಂದೈತಿ. ಯಾರದಂತ ಹೇಳಬಾರದಂತ ಶೀಲಾ ಆಣಿ ಹಾಕ್ಯಾಳ. ಆಕಿ ಅಪ್ಪಂದು."

ಆಣೆ ಹಾಕಿದವಳು ಫೋನು ಕಸಿದುಕೊಂಡ ಸಪ್ಪಳ ಬಂತು. ಆ ಮೇಲೆ ಬಂದ ದನಿ ಮೈಲಪ್ಪ ದಿನವೂ ಕೇಳುವ ದನಿ.

"ಖಾಲಾ, ಆ ಗಿರಾಕಿಗೆ ಸಿಟ್ಟಾಗಬ್ಯಾಡಂತ ಹೇಳ್ರಿ. ಓಣಿ ಮಂದಿ ಎಲ್ಲಾ ನಮ್ಮಪ್ಪಗ ಗಂಟು ಬಿದ್ದಾರ. ಅವಗ ಈಗ ಮಾಡಾಕ ಬರಂಗಿಲ್ಲ. ಮುಂಜಾನೆ ನಮ್ಮ ಎತ್ತ ನಿಮ್ಮ ಕಡೆ ಕೊಂಡು, ತಾನ ಮಾಡಿದೆ ಅಂತ ತೋರಿಸ್ಯಾನ."

"ನಿಮ್ಮವ ಅಂತ ಹ್ಯಾಂಗ ಗೊತ್ತಾತ?"

"ಮಾಡಿದವರಿಗೆ ಗೊತ್ತಾಗಂಗಿಲ್ಲೇನ್ರಿ? ಮಾರಿದ ಎತ್ತು ಹಾದಿ ಹಿಡಕೊಂಡು ತಿರುಗಿ ಮನಿಗೆ ಬಂದಂಗಾತು."

ರಮಜಾನಬಿ ನಕ್ಕಳು. "ನಿಮ್ಮಪ್ಪ ದೊಡ್ಡ ಸುಳ್ಳಗಾರ ಅದಾನ ಬಿಡು."

"ಹಂಗ ಅನಬ್ಯಾಡ್ರಿ ಖಾಲಾ," ಅಂದಳು ಶೀಲಾ. ದನಿ ಬಿಗಿಯಾಯಿತು. "ಸಣ್ಣಾವಿದ್ದಾಗ ಭಾಳ ಚಲೋ ಮಾಡ್ತಿದ್ದ. ಆಕಳ ಅಂಬಾ ಅಂತಿತ್ತು. ಈಗ ಅಂಗಡ್ಯಾಗ ದುಡದು ದುಡದು ಕೈ ಮರ್ತೈತಿ ಅಷ್ಟ. ಅವಗ ಗೊತ್ತಾಗದಂಗ ಮಾಡಿ ನಮ್ಮ ಮಾಳಗಿ ಮ್ಯಾಲ ಇಡ್ತೇವಿ."

ಫೋನು ಆರಿತು. ರಮಜಾನಬಿ ಗಿರಾಕಿಯ ಮುಖ ನೋಡಿ, ತೊಡಿಸುತ್ತಿದ್ದ ಬಳೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ಮೈಲಪ್ಪ ಅವಳಿಗೆ ಕೈ ಮುಗಿದು ಎದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮಗಳು ಕಳ್ಳನನ್ನು ಹಿಡಿದೂ ಕಳ್ಳನ ಪರವಾಗಿ ಜಗಳ ಮಾಡಿದ್ದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ಅಷ್ಟು ಚಂದದ ಎತ್ತುಗಳನ್ನು ಮಾಡಿದ ಕೈ ತನ್ನ ಮನೆಯಲ್ಲೇ ಇತ್ತು, ತಾನು ತಲೆ ಎತ್ತಿ ನೋಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯೂ ಆಯಿತು. ಇವತ್ತು ಎಲ್ಲರೆದುರು ಖರೇ ಹೇಳಿಬಿಡಬೇಕು ಎಂದು ಹಾದಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದ.

ಸಂಜೆ ಮಾಳಿಗೆ ಏರಿದರೆ ಎತ್ತುಗಳು ಸಾಲಾಗಿ ನಿಂತಿದ್ದವು. ಹದಿನೈದು ಜೋಡಿ, ಒಂದರಂತೆ ಒಂದಿಲ್ಲ. ಒಂದು ಜೋಡಿ ಜಗಳವಾಡಿದಂತೆ ಮೋರೆ ತಿರುಗಿಸಿತ್ತು, ಒಂದು ಎತ್ತಿಗೆ ವಯಸ್ಸಾಗಿ ಕೊರಳಿನ ಗಂಗೆದೊಗಲು ಜೋತಿತ್ತು. ಕೈ ತೊಳೆಯದ ಇಬ್ಬರು ಹುಡುಗಿಯರು ಗೋಡೆಗೆ ಒರಗಿ ಕೂತಿದ್ದರು. ಅಷ್ಟು ದಣಿದ, ಅಷ್ಟು ತೃಪ್ತ ಮುಖಗಳನ್ನು ದೊಡ್ಡ ಕಸುಬುದಾರರಲ್ಲೂ ಕಾಣುವುದು ಅಪರೂಪ.

"ಶೀಲವ್ವಾ," ಎಂದು ಅವನು ಶುರು ಮಾಡುವಷ್ಟರಲ್ಲಿ ಪ್ರೇಮವ್ವ, ಶಂಭುಲಿಂಗ ಮತ್ತು ಓಣಿಯ ಅರ್ಧ ಮಂದಿ ಎತ್ತು ಒಯ್ಯಲು ಮೆಟ್ಟಿಲು ಹತ್ತಿ ಬಂದರು. ಒಳ್ಳೆಯದೇ ಆಯಿತು ಎಂದುಕೊಂಡ ಮೈಲಪ್ಪ.

"ಎಲ್ಲಾರೂ ಕೇಳ್ರಿ. ಇವನ್ನ ನಾ ಮಾಡಿಲ್ಲ. ನನ್ನ ಮಗಳು, ಹೀನಾ ಮಾಡ್ಯಾರ. ನನಗ ಬರಂಗಿಲ್ಲ."

ಶಂಭುಲಿಂಗ ಬಗ್ಗಿ ಒಂದು ಎತ್ತನ್ನು ಮುಟ್ಟಿದ. "ಹೌದ್ರಿ, ಖರೇ. ಹಸಿ ಅದಾವ. ಮೈಲಪ್ಪನ ಕೈಯವು ಆಗಿದ್ರ ಒಣಗಿರ್ತಿದ್ದುವು."

ಎಲ್ಲರೂ ತಲೆದೂಗಿದರು. ಪ್ರೇಮವ್ವ ಹುಡುಗಿಯರ ಕೆನ್ನೆ ಸವರಿ, ದೃಷ್ಟಿಯಾಗದಿರಲೆಂದು ಲಟಿಕೆ ಮುರಿದಳು. ಆಮೇಲೆ ಮೈಲಪ್ಪನ ಕಡೆ ತಿರುಗಿದಳು, ಕಣ್ಣಲ್ಲಿ ನೀರಿತ್ತು. "ಮುಂಜಾನೆ ಒಂದ ತಾಸು ಕಲಿಸಿ, ಹೊತ್ತು ಮುಳುಗೋದ್ರಾಗ ಹುಡುಗ್ಯಾರ ಕೈಲೆ ಇಂಥಾ ಕೆಲಸ ತಗದೀಯಲ್ಲೋ. ನಾ ಮೂವತ್ತು ವರ್ಷ ಅಂಗನವಾಡ್ಯಾಗ ಇದ್ದೆ, ನನಗ ಆಗಲಿಲ್ಲ."

"ಅಯ್ಯ ಅಕ್ಕಾರ, ನನಗ ಸಣ್ಣಾವಿದ್ದಾಗೂ ಬರ್ತಿರಲಿಲ್ಲ. ನಿಂದರ್ರಿ, ಈಗ ಮಾಡಿ ತೋರಸ್ತೇನಿ."

ಮೈಲಪ್ಪ ಅಲ್ಲೇ ಕುಕ್ಕರಿಸಿ ಉಳಿದ ಮಣ್ಣು ಎಳೆದುಕೊಂಡ. ಎಲ್ಲರ ಕಣ್ಣೆದುರು, ಕಳ್ಳತನವಿಲ್ಲದೆ, ತನಗೆ ಬಂದಷ್ಟು ಮನಸ್ಸಿಟ್ಟು ಒಂದು ಎತ್ತು ಮಾಡಿದ. ಮೂರು ಕಾಲು ನಿಂತವು. ನಾಲ್ಕನೆಯದು ಮಡಿಚಿಕೊಂಡಿತು. ಎತ್ತು ಒಂದು ಕಡೆ ವಾಲಿ, ಕತ್ತು ಇಳಿಬಿಟ್ಟು ಸಂಕಟದಿಂದ ನೋಡಿತು. ಇನ್ನೇನು ಬೇಕು ಸಾಕ್ಷಿ ಎಂಬಂತೆ ಅವನು ಅದನ್ನು ಮುಂದಿಟ್ಟ.

ಯಾರೂ ನಗಲಿಲ್ಲ. ನಮ್ಮ ಕಡೆ ಅಮಾವಾಸ್ಯೆಯ ಮಾರನೇ ದಿನ ಮಕ್ಕಳು ಒಂದು ಮಣ್ಣೆತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಒಯ್ದು ಜೋಳ ಬೇಡುವ ಪದ್ಧತಿ ಇದೆ. ಯಾರ ಎತ್ತಿನ ಕಾಲು ಮುರಿಯುವುದು ಎಂದು ಪ್ರತಿ ವರ್ಷ ಮಕ್ಕಳಲ್ಲಿ ಅಳುವೂ ಇದ್ದದ್ದೇ.

"ಕುಂಟೆತ್ತು," ಅಂದಳು ಪ್ರೇಮವ್ವ ಮೆಲ್ಲಗೆ. "ನಾಡ್ದಿಗೆ ಯಾವ ಹುಡುಗರ ಎತ್ತೂ ಮುರಿಯೋದು ಬ್ಯಾಡಂತ ಕುಂಟೆತ್ತನ್ನ ಬ್ಯಾರೇನ ಮಾಡ್ಯಾನ ನೋಡ್ರಿ."

"ನಿಂತ ಎತ್ತು ಯಾರರ ಮಾಡ್ತಾರ," ಅಂದ ಶಂಭುಲಿಂಗ, ಟೋಪಿ ತೆಗೆದು. "ಕುಂಟೋ ಎತ್ತನ್ನ ಬೀಳದಂಗ ನಿಂದರಸೋದು ಅಂದ್ರ ಸಾಮಾನ್ಯ ಕೈ ಅಲ್ಲ."

"ಇನ್ನ ಪ್ರತಿ ಐತಾರ ಕ್ಲಾಸು ನಿಂದ," ಅಂತ ಪ್ರೇಮವ್ವ ತೀರ್ಪು ಕೊಟ್ಟಳು. "ಬರೋ ವಾರ ಆಷಾಢದ ಪೂಜಾಕ್ಕ ಮಣ್ಣಿನ ಗುಳ್ಳವ್ವನ್ನ ಮಾಡೋದು ಕಲಿಸು. ಆಮ್ಯಾಲ ಗಣಪ್ಪ ಬರ್ತಾನ, ಓಣಿ ಗಣಪ್ಪನ್ನ ನೀನ ಮಾಡಬೇಕು." ಮೈಲಪ್ಪ ಬಾಯಿ ತೆರೆದ. ಆದರೆ ಎಲ್ಲರೂ ತಮ್ಮ ತಮ್ಮ ಜೋಡೆತ್ತನ್ನು ತಟ್ಟೆಯಲ್ಲಿ ಇಟ್ಟುಕೊಂಡು ಜೋಪಾನವಾಗಿ ಮೆಟ್ಟಿಲು ಇಳಿಯುತ್ತಿದ್ದರು, ಕೇಳುವವರು ಉಳಿದಿರಲಿಲ್ಲ.

ಉಳಿದದ್ದು ಶೀಲಾ. ಕುಂಟೆತ್ತನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅವಳ ಮುಖ ಶನಿವಾರ ಸಂಜೆಗಿಂತ ಹೆಚ್ಚು ಅರಳಿತ್ತು.

"ಶೀಲವ್ವಾ, ನಾ ಹೇಳಿದ್ದು ಖರೇ ಐತಿ. ನನಗ ಬರಂಗಿಲ್ಲ," ಅಂದ ಮೈಲಪ್ಪ. ಜೀವಮಾನದಲ್ಲಿ ಅಷ್ಟು ಸತ್ಯವಾದ ಮಾತು ಅವನು ಆಡಿರಲಿಲ್ಲ.

ಶೀಲಾ ಅಪ್ಪನ ಮಣ್ಣಾದ ಕೈಯನ್ನು ತನ್ನ ಮಣ್ಣಾದ ಕೈಯಲ್ಲಿ ಹಿಡಿದುಕೊಂಡಳು.

"ಇನ್ನ ಸುಳ್ಳ ಹೇಳಬ್ಯಾಡಪ್ಪಾ," ಅಂದಳು.